ಆರುನೂರ ಹನ್ನೊಂದಕ್ಕೆ ಎಷ್ಟು ಫ್ಯಾಟು?

ನಾಗಮಂಗಲ ತಾಲ್ಲೂಕು ದೇವಲಾಪುರ ಹೋಬಳಿಯ ನಮ್ಮ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪ್ರತಿಭಾ ಪುರಸ್ಕಾರಕ್ಕೆಂದು ಈ ಸಲ ತಂದಿದ್ದ ಮೈಸೂರು ಪೇಟ ಒಂದು. 625ಕ್ಕೆ 611 ತೆಗೆದ ತಲೆಗಳು ಎರಡು. ಒಂದು ಹುಡುಗನದು, ಒಂದು ಹುಡುಗಿಯದು. ಇದನ್ನು ಬಗೆಹರಿಸಲು ತಜ್ಞರೇ ಬೇಕೆಂದು ಸನ್ಮಾನ ಸಮಿತಿಯವರು ತೀರ್ಮಾನಿಸಿ ನನ್ನನ್ನು ನೇಮಿಸಿದರು.

ನಾನು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲಿನ ಫ್ಯಾಟು ಅಳೆಯುತ್ತಿದ್ದೇನೆ. ಬಿಂದುವಿನ ಆಚೆಗೂ ಒಂದು ಅಂಕಿ ಬರೆದು, ಆ ಅಂಕಿಗಾಗಿ ದಿನವೂ ಬೈಸಿಕೊಂಡು, ಆದರೂ ತಿದ್ದದೆ ಉಳಿದವನು ಊರಲ್ಲಿ ನಾನೊಬ್ಬನೇ. ಇದೇ ನನ್ನ ವಿದ್ಯಾರ್ಹತೆ. ನನ್ನ ಸ್ವಂತ ಎಸ್ಸೆಸ್ಸೆಲ್ಸಿ ಅಂಕಗಳು ಈ ವರದಿಯ ವ್ಯಾಪ್ತಿಗೆ ಬರುವುದಿಲ್ಲ.

ಮೊದಲ ಸಭೆಯಲ್ಲೇ ನಿವೃತ್ತ ಹೆಡ್‌ಮೇಷ್ಟ್ರು, "ಇನ್ನೊಂದು ಪೇಟ ತಂದರೆ ಆಯ್ತಲ್ಲಪ್ಪ" ಎಂದು ಅವೈಜ್ಞಾನಿಕ ಸಲಹೆ ಕೊಟ್ಟರು. ಸಮಿತಿಯ ಅಧ್ಯಕ್ಷರಾದ ಗೌಡ್ರು ತಲೆಯಾಡಿಸಿದರು. "ಎಲ್ರಿಗೂ ಇಕ್ಕುದ್ರೆ ಪೇಟಕ್ಕೇನು ಬೆಲೆ ಮೇಷ್ಟ್ರೇ? ಅದು ಟೋಪಿ ಆಯ್ತದೆ." ಈ ತತ್ತ್ವವನ್ನು ಅಡಿಪಾಯವಾಗಿ ಇಟ್ಟುಕೊಂಡು ನಾನು ಕೆಲಸ ಶುರುಮಾಡಿದೆ. ಮುಂದಿನದು ನನ್ನ ವರದಿ.

1. ಸರಕಿನ ಸ್ವರೂಪ

ಅಂಕಪಟ್ಟಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆ ಯಾವುದು, ಅದರ ತೂಕವೆಷ್ಟು ಎಂಬುದಕ್ಕೆ ಈ ನಾಡಿನಲ್ಲಿ ಸಣ್ಣ ಜಗಳವಾಗಿಲ್ಲ. ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕವಿರಲಿ ಎಂದು ಗೋಕಾಕ್ ಸಮಿತಿ ಹೇಳಿತು, 1982ರಲ್ಲಿ ಡಾ. ರಾಜ್‌ಕುಮಾರ್ ಅವರೇ ಬೀದಿಗಿಳಿದರು. ಈಗ ಪ್ರಥಮ ಭಾಷೆಯ ತೂಕ 125ಕ್ಕೆ ನಿಂತಿದೆ. ಆ ಭಾಷೆ ಕನ್ನಡವೂ ಆಗಬಹುದು, ಸಂಸ್ಕೃತವೂ ಆಗಬಹುದು.

ನಮ್ಮ ಇಬ್ಬರಲ್ಲಿ ಹುಡುಗನದು ಸಂಸ್ಕೃತ, 125ಕ್ಕೆ 125. "ಮನೇಲಿ ಯಾರಪ್ಪ ಸಂಸ್ಕೃತ ಮಾತಾಡೋರು?" ಎಂದು ವಿಚಾರಿಸಿದೆ. "ಯಾರೂ ಇಲ್ಲ ಮಾವ, ಅದುಕ್ಕೇ ತಪ್ಪಾಗಲ್ಲ" ಎಂದ. ಹುಡುಗಿಯದು ಕನ್ನಡ, 121. ಹೋದ ನಾಲ್ಕರಲ್ಲಿ ಎರಡು ಪ್ರಬಂಧದಲ್ಲಿ ಹೋಗಿವೆ. ಗೈಡಿನಲ್ಲಿದ್ದದ್ದನ್ನು ಬಿಟ್ಟು ಅವಳೇ ಏನೋ ಯೋಚನೆ ಮಾಡಿ ಬರೆದಳಂತೆ. ಸ್ವಂತ ವಾಕ್ಯ ಬೆರೆತ ಮಾದರಿಗೆ ಪೂರ್ತಿ ದರ ಸಿಗುವುದಿಲ್ಲ ಎಂಬುದನ್ನು ಯಾರಾದರೂ ಅವಳಿಗೆ ಮೊದಲೇ ಹೇಳಬೇಕಿತ್ತು.

ಉಳಿದ ಐದು ವಿಷಯಗಳನ್ನು ಕೂಡಿದರೆ ಹುಡುಗಿಗೆ 490, ಹುಡುಗನಿಗೆ 486. ಈ ಐದರಲ್ಲಿ ಅವಳೇ ಮುಂದೆ, ಬೇರೆ ಬೇರೆ ಬರೆದ ಪ್ರಥಮ ಭಾಷೆಯಲ್ಲಿ ಅವನು ಮುಂದೆ; ಒಟ್ಟಿನಲ್ಲಿ ಸಮ. ಡೇರಿಯಲ್ಲಾದರೆ ಎಮ್ಮೆ ಹಾಲಿಗೆ ಒಂದು ಕ್ಯಾನು, ಹಸುವಿನ ಹಾಲಿಗೆ ಇನ್ನೊಂದು. ಶಿಕ್ಷಣ ಕ್ಷೇತ್ರ ಇನ್ನೂ ಅಷ್ಟು ಮುಂದುವರಿದಿಲ್ಲವಾದ್ದರಿಂದ ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಮುಂದೆ ಹೋದೆ.

2. ಋತುಮಾನ

ಹಾಲಿಗೆ ಹಸಿರು ಮೇವಿನ ಕಾಲವೆಂದೂ ಒಣಗಾಲವೆಂದೂ ಉಂಟು. ಪೂರ್ಣಾಂಕಕ್ಕೂ ಹಾಗೆಯೇ. ಭದ್ರಾವತಿಯ ಹುಡುಗನೊಬ್ಬ 2016ರಲ್ಲಿ 625ಕ್ಕೆ 625 ತೆಗೆದಾಗ ರಾಜ್ಯವೇ ಬೆರಗಾಗಿತ್ತು. 2019ರಲ್ಲಿ ಇಬ್ಬರು, 2020ರಲ್ಲಿ ಆರು ಜನ. 2021ರಲ್ಲಿ 157 ಜನ. 2022ರಲ್ಲಿ 145. ಆಮೇಲೆ 2023ರಲ್ಲಿ ನಾಲ್ವರು, 2024ರಲ್ಲಿ ಒಬ್ಬಳೇ, 2025ರಲ್ಲಿ 22.

ಕೊರೊನಾಕ್ಕೆ ಶಾಲೆಗೆ ಬೀಗ ಬಿದ್ದಿದ್ದ 2021ರಲ್ಲಿ ಬುದ್ಧಿ ಉಕ್ಕಿ ಹರಿದಿದೆ. ಮೇಷ್ಟ್ರುಗಳು ಮರಳಿ ಬಂದು ಪಾಠ ಶುರುಮಾಡುತ್ತಿದ್ದಂತೆ ಬತ್ತಿದೆ. ಆ ವರ್ಷ ಆರು ವಿಷಯಗಳ ಪರೀಕ್ಷೆ ಎರಡೇ ದಿನದಲ್ಲಿ, ಬರೇ ಗುಂಡಿ ತುಂಬುವ ಪ್ರಶ್ನೆಗಳಲ್ಲಿ ಮುಗಿದದ್ದು ಆಕಸ್ಮಿಕವಿರಬಹುದು. ಆ ಸಲ ರಾಜ್ಯದಲ್ಲಿ ಫೇಲಾದದ್ದು ಒಬ್ಬರೇ ಒಬ್ಬರು. ಸನ್ಮಾನ ಅಪರೂಪಕ್ಕೆ ಸಲ್ಲುವುದು ಎಂಬ ಗೌಡ್ರ ತತ್ತ್ವವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರೆ, ಮೇಲಿದ್ದ 157 ಜನರನ್ನು ಬಿಟ್ಟು ಪೇಟವನ್ನು ಆ ಒಬ್ಬರಿಗೇ ತೊಡಿಸಬೇಕಿತ್ತು.

ನಮ್ಮ ಜಿಲ್ಲೆಯ ಅಂಕಿಯೂ ಪರಿಶೀಲನೆಗೆ ಅರ್ಹ. 2023ರಲ್ಲಿ ಮಂಡ್ಯ ಶೇ 96.74 ಫಲಿತಾಂಶ ಪಡೆದು ರಾಜ್ಯಕ್ಕೇ ಎರಡನೆಯದಾಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಶೇ 10ರಷ್ಟಿದ್ದ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಮಂಡ್ಯ ಶೇ 73.59ಕ್ಕೆ ಇಳಿದು 19ನೆಯ ಸ್ಥಾನದಲ್ಲಿ ಕೂತಿತು. ಕೆಲವರು ಇದಕ್ಕೆ ಕೆಟ್ಟ ಅರ್ಥ ಕಟ್ಟುತ್ತಾರೆ. ನನ್ನ ಅಧ್ಯಯನದ ಪ್ರಕಾರ ಇದು ಶುದ್ಧ ದೃಷ್ಟಿದೋಷ. ಕರೆಯುವ ಹಸುವಿನ ಮುಂದೆ ಅಪರಿಚಿತರು ನಿಂತು ದಿಟ್ಟಿಸಿದರೆ ಸೊರ ಬಿಡುವುದಿಲ್ಲ ಎಂಬುದು ಹಟ್ಟಿಯವರಿಗೆಲ್ಲ ಗೊತ್ತು. ಮಕ್ಕಳನ್ನು ಮೂರು ಗಂಟೆ ಕ್ಯಾಮೆರಾ ದಿಟ್ಟಿಸಿದರೆ ಉತ್ತರ ಇಳಿಯುವುದಾದರೂ ಹೇಗೆ? ಪ್ರತಿ ಕ್ಯಾಮೆರಾಕ್ಕೂ ನಿಂಬೆಹಣ್ಣು, ಏಳು ಮೆಣಸಿನಕಾಯಿ ಕಟ್ಟಬೇಕೆಂದು ಶಿಫಾರಸು ಮಾಡಿದ್ದೇನೆ.

3. ನೀರಿನ ಅಂಶ

625ರಲ್ಲಿ ಪರೀಕ್ಷೆಯ ಅಂಕ 500. ಉಳಿದ 125 ಆಂತರಿಕ ಅಂಕ: ಪ್ರಥಮ ಭಾಷೆಗೆ 25, ಮಿಕ್ಕವಕ್ಕೆ ತಲಾ 20. ಇದನ್ನು ಶಾಲೆಯೇ ಕೊಡುತ್ತದೆ. ತನ್ನ ಫಲಿತಾಂಶದ ಹೆಸರು ಯಾವ ಅಂಕದ ಮೇಲೆ ನಿಂತಿದೆಯೋ ಅದರ ಐದನೇ ಒಂದು ಪಾಲನ್ನು ಶಾಲೆ ತನಗೆ ತಾನೇ ಅಳೆದುಕೊಳ್ಳುತ್ತದೆ. ಈ ಪದ್ಧತಿ ಡೇರಿಗೂ ಬಂದರೆ, ಹಾಲು ತಂದವರೇ ಫ್ಯಾಟು ಬರೆದುಕೊಂಡು ಹೋದರೆ, ನನ್ನ ರಕ್ತದೊತ್ತಡ ಎಷ್ಟೋ ಇಳಿಯುತ್ತದೆ.

ನಾನು ಈ ಸಲದ ಇಪ್ಪತ್ತು ಮಕ್ಕಳ ಅಂಕಪಟ್ಟಿ ತರಿಸಿ ನೋಡಿದೆ. ಪಾಸಾದವರದು, ಫೇಲಾದವರದು, ವರ್ಷದಲ್ಲಿ ನಲವತ್ತು ದಿನ ಗದ್ದೆಯಲ್ಲೇ ಇದ್ದವರದು, ಎಲ್ಲರದೂ ಆಂತರಿಕ ಅಂಕ 20ಕ್ಕೆ 20, ಇಲ್ಲವೇ 19. ಡೇರಿಯಲ್ಲಿ ಇಪ್ಪತ್ತು ಕ್ಯಾನಿಗೂ ಒಂದೇ ಫ್ಯಾಟು ಬಂದರೆ ನಾವು ಮೊದಲು ಮಿಷನ್ ತೊಳೆಯುತ್ತೇವೆ. ಶಾಲೆಯಲ್ಲಿ ಅದಕ್ಕೆ ಸಮಾನತೆ ಎನ್ನುತ್ತಾರೆ. ಲ್ಯಾಕ್ಟೋಮೀಟರ್ ಹಾಕೋಣವೇ ಎಂದು ಹೆಡ್‌ಮೇಷ್ಟ್ರನ್ನು ಕೇಳಿದೆ. "ಮುಳುಗೋಗ್ತದೆ ಕಣಪ್ಪ, ಬ್ಯಾಡ" ಎಂದರು.

4. ಪೂರ್ವನಿದರ್ಶನಗಳು

ಸಮಬಲವನ್ನು ಲೋಕ ಹೇಗೆ ಬಿಡಿಸಿದೆ ಎಂದು ಮೊಬೈಲಿನಲ್ಲಿ ಎರಡು ರಾತ್ರಿ ಅಧ್ಯಯನ ಮಾಡಿದೆ.

2019ರ ವಿಶ್ವಕಪ್ ಫೈನಲ್ ಪಂದ್ಯವೂ ಸಮ, ಸೂಪರ್ ಓವರೂ ಸಮ. ಕೊನೆಗೆ ಬೌಂಡರಿ ಎಣಿಸಿ, 26 ಹೊಡೆದ ಇಂಗ್ಲೆಂಡಿಗೆ ಕಪ್ಪು ಕೊಟ್ಟು, 17 ಹೊಡೆದ ನ್ಯೂಜಿಲೆಂಡನ್ನು ಮನೆಗೆ ಕಳಿಸಿದರು. ಇದರಂತೆ ನಾನು ಉತ್ತರ ಪತ್ರಿಕೆಯಲ್ಲಿ ಅಂಚು ದಾಟಿದ ಸಾಲುಗಳನ್ನು ಎಣಿಸಬೇಕೆಂದಿದ್ದೆ. ಪತ್ರಿಕೆ ನಮ್ಮ ಕೈಗೆ ಸಿಗಲಿಲ್ಲ.

2021ರ ಟೋಕಿಯೊ ಒಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಕತಾರಿನವನೂ ಇಟಲಿಯವನೂ ಸಮನಾಗಿ ನಿಂತರು. ಇನ್ನೊಂದು ಜಿಗಿತ ಬೇಕೇ ಎಂದು ಅಧಿಕಾರಿ ಕೇಳಿದಾಗ, ಎರಡು ಚಿನ್ನ ಆಗುತ್ತದೆಯೇ ಎಂದು ಮರಳಿ ಕೇಳಿ, ಇಬ್ಬರೂ ತಬ್ಬಿಕೊಂಡರು. ಇಂಥ ಸಡಿಲ ನಡವಳಿಕೆ ಹೋಬಳಿ ಮಟ್ಟದಲ್ಲಿ ಸಲ್ಲದು ಎಂದು ಸಮಿತಿ ಒಮ್ಮತದಿಂದ ತಳ್ಳಿಹಾಕಿತು.

ನಮ್ಮ ಸಮಿತಿಯ ಘನತೆಗೆ ತಕ್ಕ ನಿದರ್ಶನ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿ ಹೈಸ್ಕೂಲಿನ ಮೊದಲಿಗರು ಬೀಳ್ಕೊಡುಗೆ ಭಾಷಣ ಮಾಡುವ ಪದ್ಧತಿ. 2003ರಲ್ಲಿ ನ್ಯೂಜೆರ್ಸಿಯ ಮೂರ್ಸ್‌ಟೌನಿನಲ್ಲಿ ಆ ಗೌರವವನ್ನು ಹಂಚಲು ಶಾಲಾಡಳಿತ ಹೊರಟಾಗ, ಮೊದಲ ಸ್ಥಾನದ ವಿದ್ಯಾರ್ಥಿನಿ ಫೆಡರಲ್ ಕೋರ್ಟಿಗೆ ಹೋಗಿ, ಅದು ತನ್ನೊಬ್ಬಳದೇ ಎಂದು ಆದೇಶ ತಂದಳು. ಆ ಬೇಸಗೆಯಲ್ಲೇ, ಅವಳು ಪತ್ರಿಕೆಗೆ ಬರೆದಿದ್ದ ಲೇಖನಗಳಲ್ಲಿ ಬೇರೆಯವರ ಸಾಲುಗಳಿವೆ ಎಂದು ಗೊತ್ತಾಗಿ, ಹಾರ್ವರ್ಡ್ ಕೊಟ್ಟಿದ್ದ ಸೀಟನ್ನು ವಾಪಸು ಪಡೆಯಿತು. ಗೌಡ್ರು ಇದನ್ನು ಗಮನವಿಟ್ಟು ಕೇಳಿ, "ಹಂಗಾದ್ರೆ ನಾಗಮಂಗಲ ಕೋರ್ಟ್‌ಗೂ ಹೋಗ್ಬೋದು ಅನ್ನು" ಎಂದರು. ಖರ್ಚು ಯಾರದು ಎಂಬಲ್ಲಿಗೆ ಚರ್ಚೆ ನಿಂತಿತು.

ಕೇಂದ್ರದ ಸಿಬಿಎಸ್‌ಇಯವರು ಅನಾರೋಗ್ಯಕರ ಪೈಪೋಟಿ ಬೇಡವೆಂದು ಮೆರಿಟ್ ಪಟ್ಟಿಯನ್ನೇ ಕೈಬಿಟ್ಟದ್ದನ್ನೂ ಸಮಿತಿಯ ಗಮನಕ್ಕೆ ತಂದೆ. ಫ್ಲೆಕ್ಸ್ ಅಂಗಡಿಯ ಸದಸ್ಯರು ಎದ್ದು ನಿಂತು ಪ್ರತಿಭಟಿಸಿದ್ದರಿಂದ ಅದನ್ನು ಕಡತದಿಂದ ತೆಗೆದುಹಾಕಲಾಯಿತು.

5. ಸಾಕ್ಷ್ಯ

ತಜ್ಞನಾದವನು ತನ್ನ ಬಳಿಯಿರುವ ದಾಖಲೆಯನ್ನು ಮುಚ್ಚಿಡಬಾರದು. ಡೇರಿ ರಿಜಿಸ್ಟರಿನ ಪ್ರಕಾರ ಹುಡುಗಿ ವರ್ಷಪೂರ್ತಿ ಬೆಳಿಗ್ಗೆ ಐದು ಐವತ್ತಕ್ಕೆ ಎರಡು ಹಸುವಿನ ಹಾಲು ತಂದಿದ್ದಾಳೆ. ಪರೀಕ್ಷೆಯ ದಿನಗಳಲ್ಲಿ ಇಪ್ಪತ್ತು ನಿಮಿಷ ಮುಂಚೆ. ಗಣಿತ ಪರೀಕ್ಷೆಯ ದಿನ ಹಾಲು ಅರ್ಧ ಲೀಟರು ಕಡಿಮೆ ಇದೆ. "ಕರು ಕುಡಿದುಬಿಟ್ಟಿತು, ನಾನು ಸೂತ್ರ ನೆನಪು ಮಾಡ್ಕೊಂತಿದ್ದೆ ಮಾವ" ಎಂದಿದ್ದಳು. ಹುಡುಗನ ಹೆಸರು ರಿಜಿಸ್ಟರಿನಲ್ಲಿಲ್ಲ. ಅವನು ಪಟ್ಟಣದಲ್ಲಿ ಟ್ಯೂಷನ್ನಿಗೆ ಹತ್ತಿರವಾಗಿ ಕೋಣೆ ಮಾಡಿಕೊಂಡಿದ್ದ. ಅವನೂ ಕಷ್ಟಪಟ್ಟು ಓದಿದವನೇ. ಅವನ ಮೇಲೆ ನನ್ನದಾಗಲಿ ರಿಜಿಸ್ಟರಿನದಾಗಲಿ ಯಾವ ದೂರೂ ಇಲ್ಲ.

ಹೆಡ್‌ಮೇಷ್ಟ್ರು ಇಲ್ಲಿ ತಗಾದೆ ತೆಗೆದರು. "ಹಾಲಿಗೆ ಬರೀ ಫ್ಯಾಟು ನೋಡ್ತೀಯೇನಯ್ಯ? ಎಸ್‌ಎನ್‌ಎಫ್ ನೋಡಲ್ವಾ?"

"ನೋಡ್ತೀನಿ ಸಾ. ಹಸುವಿನ ಹಾಲಿಗೆ ಫ್ಯಾಟು 3.5 ಇರಬೇಕು, ಫ್ಯಾಟು ಬಿಟ್ಟು ಉಳಿಯೋ ಗಟ್ಟಿ ಅಂಶ, ಅಂದ್ರೆ ಎಸ್‌ಎನ್‌ಎಫ್, 8.5."

"ಅಂಕ ಅನ್ನೋದು ಫ್ಯಾಟು, ಮೇಲೆ ತೇಲ್ತದೆ. ಆ ಮಗು ಕ್ಯಾನು ಹೊತ್ತು ಬಂದು ಓದಿದ್ದು ಎಸ್‌ಎನ್‌ಎಫ್. ಅದುನ್ನ ಎಲ್ಲಿ ಬರೀತೀಯ?"

ನಾನು ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದಕ್ಕೆ ಕಾಲಂ ಇರಲಿಲ್ಲ. ಹೆಡ್‌ಮೇಷ್ಟ್ರು ಸುಮ್ಮನಾಗದೆ, ಡೇರಿಯಲ್ಲಿ ಅತಿ ಹೆಚ್ಚು ಫ್ಯಾಟು ತಂದವನಿಗೆ ಎಂದಾದರೂ ಹಾರ ಹಾಕಿದ್ದೀಯಾ, ತಂದವರಿಗೆಲ್ಲ ಅವರವರ ಹಾಲಿಗೆ ತಕ್ಕ ಬಟವಾಡೆ ಕೊಟ್ಟು ಕಳಿಸುತ್ತೀಯಲ್ಲ, ಅಲ್ಲಿ ತೋರಿಸುವ ನ್ಯಾಯ ಇಲ್ಲೇಕೆ ಬೇಡ ಎಂದು ಕೇಳಿದರು. ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ನಡಾವಳಿಯಲ್ಲಿ ದಾಖಲಿಸಲಾಯಿತು.

6. ತೀರ್ಪು

ವರದಿ ಒಪ್ಪಿಸುವ ಮೊದಲೇ ಸಮಸ್ಯೆ ತಾನಾಗಿ, ವೈಜ್ಞಾನಿಕವಾಗಿ ಬಗೆಹರಿಯಿತು. ಹುಡುಗನ ಮನೆಯವರು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಮರುಮೌಲ್ಯಮಾಪನಕ್ಕೆ ಹಾಕಿದ್ದರು. ಸಮಾಜ ವಿಜ್ಞಾನದಲ್ಲಿ ಎರಡು ಅಂಕ ಹೆಚ್ಚಾಗಿ 613 ಆಯಿತು. ನ್ಯಾಯವಾಗಿ ಅವನಿಗೆ ಬರಬೇಕಾಗಿದ್ದ ಅಂಕವೇ. ರಾಜ್ಯ ಮಟ್ಟದಲ್ಲೂ ಹೀಗೆ ಒಂದೊಂದು ಅಂಕ ಬಂದು ತಡವಾಗಿ ಮೊದಲಿಗರ ಸಾಲಿಗೆ ಸೇರಿದವರಿದ್ದಾರೆ. ಸಾಲದ್ದಕ್ಕೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಉಳಿಸಿಕೊಳ್ಳಬಹುದು. ಹಾಗಾಗಿ ಮೇ ತಿಂಗಳಲ್ಲಿ ಹಾರ ಕೊಳ್ಳುವವರು ಬಾಡದ ಪ್ಲಾಸ್ಟಿಕ್ ಹೂವಿನದನ್ನೇ ಕೊಳ್ಳುವುದು ಲೇಸು.

ಹುಡುಗಿಯನ್ನೂ ಕೇಳಿದೆ. "ಕನ್ನಡ ಪೇಪರ್‌ಗೆ ಹಾಕವ್ವ, ಪ್ರಬಂಧದ್ದು ಎರಡು ಅಂಕ ಬಂದ್ರೂ ಬರ್ಬೋದು." ಪ್ರತಿಗೆ ಇಷ್ಟು, ಮರುಮೌಲ್ಯಮಾಪನಕ್ಕೆ ಇಷ್ಟು ಎಂದು ಅವಳು ಬೆರಳಲ್ಲಿ ಎಣಿಸಿದಳು. ಅವರ ಮನೆಯ ಹೆಚ್ಚೂಕಡಿಮೆ ಒಂದು ವಾರದ ಬಟವಾಡೆ. "ಬ್ಯಾಡ ಮಾವ. ಈ ವಾರ ಹಿಂಡಿ ತರ್ಬೇಕು" ಎಂದಳು.

613, 611. ಮಿಷನ್ನಿನ ಮಾತಿಗೆ ಎದುರಾಡುವಂತಿಲ್ಲ. ಜುಲೈ ತಿಂಗಳ ಒಂದು ಭಾನುವಾರ ಸಮಾರಂಭ ನಡೆಯಿತು. ಫ್ಲೆಕ್ಸನ್ನು ಟೇಪು ಹಿಡಿದು ಅಳೆದಿದ್ದೇನೆ: ಒಟ್ಟು 32 ಚದರ ಅಡಿ. ಅದರಲ್ಲಿ ಸಮಿತಿ, ಮುಖಂಡರು ಮತ್ತು ದಾನಿಗಳಿಗೆ ಮೂವತ್ತೂವರೆ, ಮಕ್ಕಳಿಬ್ಬರಿಗೂ ಸೇರಿ ಒಂದೂವರೆ. ಕಂಚು ಎರಕ ಹೊಯ್ಯುವುದಕ್ಕೆ ಹೆಸರಾದ ನಾಗಮಂಗಲದ ತಾಲ್ಲೂಕಿನಲ್ಲಿ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್ಪು. ಹುಡುಗನ ತಲೆಗೆ ಪೇಟ ಇಟ್ಟರು. ದೊಡ್ಡದಾಯಿತು, ಕಣ್ಣಿನವರೆಗೂ ಇಳಿಯಿತು. ಹುಡುಗಿಗೆ ಶಾಲು ಹೊದಿಸಿದರು. ಈ ಸಲ ಫೇಲಾದ ಒಂಬತ್ತು ಮಕ್ಕಳು ಕುರ್ಚಿ ಜೋಡಿಸಿದರು. ಅಳೆಯಲು ಯಾರೂ ಹೇಳಿರಲಿಲ್ಲವಾದ್ದರಿಂದ ಆ ವಿಷಯ ಈ ವರದಿಯಲ್ಲಿಲ್ಲ.

ಮರುದಿನ ಸೋಮವಾರದ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಹೀಗಿದೆ: ಬೆಳಿಗ್ಗೆ 5.50. ಹಾಲು 4 ಲೀಟರ್ 200. ಫ್ಯಾಟು 4.1. ಎಸ್‌ಎನ್‌ಎಫ್ 8.6. ನೀರು ಇಲ್ಲ.