ಒಬ್ಬರಾಡುವ ಆಟಕ್ಕೆ ನಾಲ್ಕು ಜನ

ಇಸ್ಪೀಟು ಅಂದರೆ ನಮ್ಮ ಕಡೆ ಅದು ಗುಂಪಿನ ವ್ಯವಹಾರ. ಮದುವೆ ಛತ್ರದ ಮಹಡಿಯಲ್ಲಿ ಜಮಖಾನ ಹಾಸಿದ ಮೇಲೆ ಕೇಳಿಬರುವ ಮೊದಲ ಮಾತೇ ‘ಒಂದು ಕೈ ಕಮ್ಮಿ ಇದೆ, ಯಾರಾದ್ರೂ ಬನ್ನಿ’. ಧಾರೆಗೆ ಅಕ್ಷತೆ ಹಾಕಲು ಕರೆದರೆ ಏಳದ ಬೀಗರು ಈ ಕರೆಗೆ ಪಂಚೆ ಎತ್ತಿಕಟ್ಟಿಕೊಂಡು ಬರುತ್ತಾರೆ. ಆಡುವವರು ಐದು ಜನರಾದರೆ ಹಿಂದೆ ನಿಂತು ನೋಡುವವರು ಎಂಟು ಜನ. ಎಲೆಯೂ ತಮ್ಮದಲ್ಲ, ದುಡ್ಡೂ ತಮ್ಮದಲ್ಲ, ಆದರೂ ಅವರಲ್ಲೊಬ್ಬರು ‘ಅಯ್ಯೋ, ಆ ಜೋಕರ್ ಯಾಕ್ರೀ ಬಿಟ್ರಿ?’ ಅಂತ ಹಲುಬುತ್ತಾರೆ. ಇಂಥ ಪರಂಪರೆಯವರಿಗೆ ಒಬ್ಬನೇ ಕೂತು ಎಲೆ ಹಾಕಿಕೊಳ್ಳುವ ಮನುಷ್ಯನನ್ನು ಕಂಡರೆ ಮರುಕವೇ ಬರುತ್ತದೆ.

ನಮ್ಮ ಬೀದಿಯಲ್ಲೂ ಭಾನುವಾರದ ರಮ್ಮಿ ಮಂಡಳಿ ಅಂತ ಒಂದಿತ್ತು. ಒಬ್ಬರು ಮಗನ ಮನೆಗೆಂದು ಅಮೆರಿಕಕ್ಕೆ ಹೋದರು. ಒಬ್ಬರಿಗೆ ಚಕ್ಕಳಮಕ್ಕಳ ಕೂರಲು ಮಂಡಿ ಒಪ್ಪಲಿಲ್ಲ, ಇನ್ನೊಬ್ಬರಿಗೆ ಹೆಂಡತಿ ಒಪ್ಪಲಿಲ್ಲ. ಹೀಗೆ ಮಂಡಳಿ ಕರಗಿ, ಎಲೆಯ ಕಟ್ಟು ಮತ್ತು ನಾನು ಇಬ್ಬರೇ ಉಳಿದೆವು.

ಒಂಟಿ ಆಟ ನನಗೆ ಪೂರ್ತಿ ಅಪರಿಚಿತವೇನಲ್ಲ. ಕಚೇರಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ನಮ್ಮ ಪೀಳಿಗೆ ಮೌಸ್ ಹಿಡಿಯಲು ಕಲಿತದ್ದೇ ಸಾಲಿಟೇರ್ ಕೃಪೆಯಿಂದ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಆ ಆಟವನ್ನು ಬರೆದವನು ಮೈಕ್ರೋಸಾಫ್ಟಿನಲ್ಲಿ ಇಂಟರ್ನ್ ಆಗಿದ್ದ ವೆಸ್ ಚೆರಿ. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಸಾಹೇಬರು ಬಂದಾಗ ಆಟ ಮರೆಯಾಗಿ ಕೆಲಸದ ಪರದೆ ಕಾಣುವ ಹಾಗೆ ಒಂದು ಗುಂಡಿಯನ್ನೂ ಆ ಪುಣ್ಯಾತ್ಮ ಇಟ್ಟಿದ್ದನಂತೆ. ಕಂಪನಿಯವರು ತೆಗೆಸಿಬಿಟ್ಟರು. ಎಷ್ಟು ಗುಮಾಸ್ತರ ಶಾಪ ತಟ್ಟಿದೆಯೋ!

ಆದರೆ ಅದು ಏರಿಕೆ ಇಳಿಕೆ ನೋಡಿ ಸಾಲು ಕಟ್ಟುವ ಆಟ. ನನ್ನ ಅಣ್ಣನ ಮಗಳು ರಜೆಗೆ ಬಂದವಳು ಕಲಿಸಿದ್ದು ಬೇರೆ, ಪಿರಮಿಡ್ ಅಂತ. ‘ಚಿಕ್ಕಪ್ಪ, ಇದ್ರಲ್ಲಿ ಬಣ್ಣ ಗಿಣ್ಣ ಏನೂ ನೋಡೋ ಹಾಗಿಲ್ಲ. ಕೂಡಿದ್ರೆ ಹದಿಮೂರು ಬರಬೇಕು ಅಷ್ಟೆ’ ಅಂದಳು. ಅವಳು ಆಡುತ್ತಿದ್ದದ್ದು ಫೋನಿನಲ್ಲಿ. ನನಗೆ ಎಲೆ ಬೆರಳಿಗೆ ತಾಗದಿದ್ದರೆ ಆಟ ಅನ್ನಿಸುವುದಿಲ್ಲವಾದ್ದರಿಂದ ಕಪಾಟಿನಿಂದ ಹಳೇ ಕಟ್ಟು ತೆಗೆದು ಜೋಕರ್‌ಗಳನ್ನು ಪಕ್ಕಕ್ಕಿಟ್ಟೆ.

ಮೇಲೆ ಒಂದು ಎಲೆ, ಅದರ ಕೆಳಗೆ ಎರಡು, ಆಮೇಲೆ ಮೂರು, ಹೀಗೆ ಏಳನೆಯ ಸಾಲಿಗೆ ಏಳು. ಪ್ರತಿ ಸಾಲೂ ಮೇಲಿನ ಸಾಲನ್ನು ಅರ್ಧ ಮುಚ್ಚಿಕೊಂಡು ಕೂತಿರಬೇಕು, ಎಲ್ಲವೂ ಅಂಗಾತ. ಇಪ್ಪತ್ತೆಂಟು ಎಲೆಯ ಗೋಪುರ ಎದ್ದಿತು. ಮಿಕ್ಕ ಇಪ್ಪತ್ತನಾಲ್ಕು ಕಟ್ಟಿನಲ್ಲಿ. ಅವನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗುವುದು. ಮೇಲೆ ಯಾವ ಎಲೆಯ ಭಾರವೂ ಇಲ್ಲದ ಎರಡು ಎಲೆ ಸೇರಿ ಹದಿಮೂರಾದರೆ ಆ ಜೋಡಿ ಆಟದಿಂದ ಬಿಡುಗಡೆ. ಹತ್ತಕ್ಕೆ ಮೂರು, ಒಂಬತ್ತಕ್ಕೆ ನಾಲ್ಕು, ಎಂಟಕ್ಕೆ ಐದು, ಏಳಕ್ಕೆ ಆರು. ಜಾಕಿಗೆ ಹನ್ನೊಂದಾದ್ದರಿಂದ ಎರಡು ಸಾಕು. ರಾಣಿಗೆ ಹನ್ನೆರಡು, ಅವಳು ರಾಜನ ಕಡೆ ತಿರುಗಿಯೂ ನೋಡದೆ ಎಕ್ಕದ ಜೊತೆ ಹೊರಟುಬಿಡುತ್ತಾಳೆ. ರಾಜ ತಾನೇ ಹದಿಮೂರು. ಅವನಿಗೆ ಯಾರೂ ಬೇಡ, ದಾರಿ ತೆರೆದರೆ ಒಬ್ಬನೇ ಎದ್ದು ಹೋಗುತ್ತಾನೆ.

ಒಂಟಿ ರಾಜ ಅಂದಾಗ ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಾಗುತ್ತದೆ. ಆಟದ ವಿಷಯದಲ್ಲಿ ಅವರಷ್ಟು ತಲೆ ಕೆಡಿಸಿಕೊಂಡ ದೊರೆ ಇನ್ನೊಬ್ಬರಿರಲಾರರು. ದುಂಡನೆಯ ಗಂಜೀಫಾ ಎಲೆಗಳಲ್ಲಿ ದಶಾವತಾರದ ಕಟ್ಟಿಗೆ 120 ಎಲೆ. ಒಡೆಯರಿಗೆ ಅದೂ ಸಾಲದೆ ಮುನ್ನೂರರ ಮೇಲೆ ಹೋಗುವ ಆಟಗಳನ್ನೂ ಕಟ್ಟಿದರು. ಅವಕ್ಕೆಲ್ಲ ಜೊತೆಗಾರರು ಬೇಕು. ಆದರೆ ಅವರಿಗೆ ಇನ್ನೊಂದು ಹುಚ್ಚಿತ್ತು: ಚದುರಂಗದ ಕುದುರೆ ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಕಾಲಿಟ್ಟು ಬರುವ ಹಾಗೆ ನಡೆ ಹೊಂದಿಸುವುದು. ಅದಕ್ಕೆ ಎದುರಾಳಿ ಬೇಕಿಲ್ಲ. ಅರಮನೆ ತುಂಬ ಜನ ಇದ್ದೂ ಒಬ್ಬರೇ ಕೂತು ಕುದುರೆ ಓಡಿಸಲು ಅವರಿಗೆ ಎಡೆ ಸಿಕ್ಕಿತಲ್ಲ ಅನ್ನುವುದೇ ನನ್ನ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿರುವುದು ಒಂದು ಹಜಾರ, ಮತ್ತು ಅಲ್ಲಿ ನಮ್ಮತ್ತೆ ಇದ್ದಾರೆ.

ಅತ್ತೆಯವರಿಗೆ ಎರಡೂ ಕಣ್ಣಿಗೆ ಪೊರೆ ತೆಗೆಸಿದ ಮೇಲೆ ದೃಷ್ಟಿ ಹದ್ದಿನದಾಗಿದೆ. ನಾನು ಎರಡನೇ ಆಟಕ್ಕೆ ಗೋಪುರ ಹಾಕುವಷ್ಟರಲ್ಲಿ ಅವರ ಕುರ್ಚಿ ನನ್ನ ಮಗ್ಗುಲಿಗೆ ಬಂದಿತ್ತು. ‘ಏನಿದು ಅಳಿಯಂದಿರೇ, ಶಾಸ್ತ್ರ ನೋಡ್ತಾ ಇದೀರಾ?’ ನಿಯಮ ವಿವರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಓ, ಜಾತಕ ಕೂಡಿಸೋದು’ ಅಂದರು. ‘ಮೂವತ್ತಾರು ಗುಣದಲ್ಲಿ ಹದಿನೆಂಟು ಬಂದ್ರೆ ಸಾಕು ಅಂತಾರೆ ಜೋಯಿಸರು. ನಿಮ್ಮ ಇಸ್ಪೀಟಿಗೆ ಹದಿಮೂರಕ್ಕೆ ಹದಿಮೂರೂ ಬೇಕಾ? ಹಾಗಾದ್ರೆ ಮದುವೆ ಆದ ಹಾಗೇ!’

ಅವರ ಮಾತು ಕೇಳಿ ಅಡುಗೆಮನೆಯಿಂದ ನನ್ನವಳು ಬಂದಳು. ಕೈಯಲ್ಲಿ ಸೌಟಿದ್ದರಿಂದ ಅದರಲ್ಲೇ ತೋರಿಸಿದಳು: ‘ರೀ, ಆ ಎಂಟಕ್ಕೆ ಐದು ಅಲ್ಲೇ ಇದೆ.’ ಇದೆ, ನನಗೂ ಕಾಣುತ್ತದೆ. ಆದರೆ ಕಂಡ ಜೋಡಿಯನ್ನೆಲ್ಲ ಎತ್ತುವವನು ಈ ಆಟದಲ್ಲಿ ಉದ್ಧಾರವಾಗುವುದಿಲ್ಲ. ಆ ಐದನ್ನು ಈ ಎಂಟಕ್ಕೆ ಕೊಟ್ಟರೆ ಒಳಗೆ ಹೂತಿರುವ ಇನ್ನೊಂದು ಎಂಟಕ್ಕೆ ಏನು ಕೊಡುವುದು? ಕಟ್ಟಿನಲ್ಲಿ ಐದು ಇನ್ನೆಷ್ಟಿವೆ? ಗೋಪುರದ್ದು ಗೋಪುರದ್ದಕ್ಕೇ ಸೇರಿದರೆ ಒಂದೇಟಿಗೆ ಎರಡು ಇಟ್ಟಿಗೆ ಬೀಳುತ್ತದೆ. ಕಟ್ಟಿನಿಂದ ತಂದರೆ ಒಂದೇ. ಇದನ್ನೆಲ್ಲ ಸೌಟು ಹಿಡಿದು ನಿಂತವರಿಗೆ ಹೇಳಿ ಮುಗಿಸುವ ಹೊತ್ತಿಗೆ ಸಾರು ಉಕ್ಕಿತು. ಅದೂ ನನ್ನ ಲೆಕ್ಕಕ್ಕೇ ಬಂತು.

ಲೆಕ್ಕ ಅಂದೆನಲ್ಲ, ಈ ಆಟದ ಲೆಕ್ಕ ಮಾತ್ರ ಬಲು ಚೊಕ್ಕ. ಒಂದರಿಂದ ಹದಿಮೂರರವರೆಗೆ ಕೂಡಿದರೆ 91. ನಾಲ್ಕು ಬಣ್ಣಕ್ಕೆ 364. ಅದನ್ನು ಹದಿಮೂರರಿಂದ ಭಾಗಿಸಿ: 28, ಶೇಷವಿಲ್ಲ. ನಾಲ್ಕು ರಾಜರು, ಇಪ್ಪತ್ತನಾಲ್ಕು ಜೋಡಿ. ಕಾಗದದ ಮೇಲೆ ಎಲ್ಲರಿಗೂ ಗಂಡು ಗೊತ್ತಾಗಿದೆ, ಒಬ್ಬ ಹೆಣ್ಣೂ ಮನೆಯಲ್ಲಿ ಉಳಿಯುವುದಿಲ್ಲ. ಹಾಗಿದ್ದೂ ಹೆಚ್ಚಿನ ಆಟಗಳು ಕೈಕೊಡುತ್ತವೆ.

ಮೊನ್ನೆಯದನ್ನೇ ನೋಡಿ. ಎರಡನೇ ಸಾಲಿನಲ್ಲಿ ಡೈಮಂಡು ಏಳು. ಉಳಿದ ಮೂರು ಏಳುಗಳು ಮೂರು ಆರುಗಳನ್ನು ಕರೆದುಕೊಂಡು ಸುಖವಾಗಿ ಹೋಗಿದ್ದವು. ಕೊನೆಗೆ ಉಳಿದದ್ದು ಕಳಾವರ್ ಆರು ಒಂದೇ. ಅದು ಕೂತಿದ್ದದ್ದು ಎಲ್ಲಿ ಅಂತೀರಿ, ಆ ಡೈಮಂಡು ಏಳರ ಎದೆಯ ಮೇಲೇ! ಆರು ಎದ್ದರೆ ಏಳಿಗೆ ಬಿಡುಗಡೆ, ಏಳು ಬಂದರೆ ಆರಿಗೆ ಬಿಡುಗಡೆ. ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ. ನಾಲ್ಕು ಆರುಗಳೂ ಆ ಏಳನ್ನು ಮುಚ್ಚಿದ್ದ ತ್ರಿಕೋನದ ಒಳಗೇ ಇದ್ದವು. ಹಾಗೆ ಬಿದ್ದ ಮೇಲೆ ಬ್ರಹ್ಮ ಬಂದು ಆಡಿದರೂ ಗೋಪುರ ಒಡೆಯುವುದಿಲ್ಲ. ಎಲೆ ಕಲಸಿದ ಕ್ಷಣಕ್ಕೇ ಸೋಲು ಗೊತ್ತಾಗಿದೆ, ಆಡುವವನಿಗೆ ತಿಳಿಸಿಲ್ಲ ಅಷ್ಟೆ. ಅತ್ತೆಯವರು ತಡೆಯಲಾರದೆ ಕೈ ಹಾಕಿದರು. ‘ಪಾಪ, ಎರಡೂ ಅಲ್ಲೇ ಇವೆಯಲ್ಲ, ಒಟ್ಟಿಗೆ ಎತ್ತಿಬಿಡಿ.’ ಹಾಗೆ ಮಾಡುವಂತಿಲ್ಲ, ಏಳು ಕೆಳಗೆ ಸಿಕ್ಕಿಕೊಂಡಿದೆ, ರೂಲ್ಸು ಅಂದೆ. ‘ಯಾರ್ರೀ ಮಾಡಿದ್ದು ಆ ರೂಲ್ಸು? ಮಕ್ಕಳಿಲ್ಲದೋರು’ ಅಂದರು.

ಪಕ್ಕದ ಮನೆಯ ವಕೀಲರು ಪೇಪರು ವಾಪಸು ಕೊಡಲು ಬಂದವರು ಈ ಗದ್ದಲಕ್ಕೆ ಒಳಗೇ ಬಂದು ಕೂತರು. ಅವರಿಗೆ ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದೇ ಪ್ರಶ್ನೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ತಿಳಿದಿರಬೇಕು, ಮೂರೆಲೆ ಆಟದ ಥರ ಬರೀ ಅದೃಷ್ಟವಲ್ಲ. ‘ನಿಮ್ಮದೂ ಹಾಗೇ, ಆದರೆ ಅರ್ಧ’ ಅಂದರು. ‘ಆರು ಏಳರ ಕೇಸು ಪೂರ್ತಿ ಹಣೆಬರಹ.’ ಹಣೆಬರಹ ಅಂದ ಕೂಡಲೇ ಅತ್ತೆಯವರಿಗೆ ಹುರುಪು ಬಂದು, ಹಾಗಾದರೆ ಗೋಪುರ ಒಡೆಯುತ್ತೋ ಇಲ್ಲವೋ ಬಾಜಿ ಕಟ್ಟೋಣ ಎಂದರು. ದುಡ್ಡು ಬೇಡ, ಸಂಜೆಯ ಕಾಫಿ ಮಾಡುವ ಪಾಳಿ.

ನನ್ನವಳು ಖಾಯಂ ಆಗಿ ‘ಒಡೆಯಲ್ಲ’ ಎಂಬ ಕಡೆಗೆ. ಗಂಡನ ಮೇಲೆ ಅಷ್ಟು ನಂಬಿಕೆ. ಗೆಲ್ಲುತ್ತಿರುವುದೂ ಅವಳೇ. ಕಟ್ಟನ್ನು ಒಂದೇ ಸುತ್ತು ಬಿಚ್ಚಬೇಕೆಂಬುದು ಬಿಗಿ ನಿಯಮ. ಉದಾರಿಗಳು ಮೂರು ಸುತ್ತಿನವರೆಗೂ ಬಿಡುತ್ತಾರೆ. ನಾನು ಮೂರು ಸುತ್ತಿನ ಪಕ್ಷ ಹಿಡಿದು ಅರ್ಜಿ ಹಾಕಿದ್ದೇನೆ. ಅತ್ತೆಯವರು ಮಗಳ ಪರವಾಗಿ ಒಂದೇ ಸುತ್ತು ಎಂದು ತಕರಾರು ಸಲ್ಲಿಸಿದ್ದಾರೆ. ವಕೀಲರು ಎರಡೂ ಕಡೆಯ ವಾದ ಕೇಳಿ ತೀರ್ಪು ಕಾಯ್ದಿರಿಸಿದ್ದಾರೆ. ಅಲ್ಲಿಯವರೆಗೆ ಕಾಫಿ ನಾನೇ ಮಾಡತಕ್ಕದ್ದು, ವಕೀಲರದೂ ಸೇರಿ ನಾಲ್ಕು ಲೋಟ, ಅಂತ ಮಧ್ಯಂತರ ಆದೇಶವಾಗಿದೆ.