ಬಿಟ್ಟಿ ಆಟದ ವಿಮರ್ಶಕ

ತಾವಾಗಿಯೇ ನಡೆದುಕೊಂಡು ಹೋಗುವ, ಆಟಗಾರ ನಿದ್ದೆಯಲ್ಲಿದ್ದಾಗಲೂ ಅವನ ಖಾತೆಗೆ ನಾಣ್ಯ ಜಮೆ ಮಾಡುತ್ತಲೇ ಇರುವ ಮೊಬೈಲ್ ಆಟಗಳಿಗೆ ಐಡಲ್ ಗೇಮ್ ಎಂದು ಹೆಸರು. ಇಂಥ ಆಟದಲ್ಲಿ ಮನುಷ್ಯನಿಗೆ ಹೆಚ್ಚು ಕೆಲಸವಿಲ್ಲವಾದ್ದರಿಂದ, ಉಳಿದ ವೇಳೆಯನ್ನೆಲ್ಲ ಆಟವನ್ನು ಬೈಯಲು ಮೀಸಲಿಡುವ ಒಂದು ಜಾತಿಯ ಆಟಗಾರ ಹುಟ್ಟಿಕೊಂಡದ್ದು ಸಹಜವೇ ಆಗಿದೆ. ಮೆಟ್ರೊ ರೈಲಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ನಡುವೆ ಈತನನ್ನು ಸುಲಭವಾಗಿ ಗುರುತಿಸಬಹುದು: ಹೆಬ್ಬೆರಳು ಪರದೆಯ ಮೇಲೆ, ಗಂಟಿಕ್ಕಿದ ಹುಬ್ಬು, ಬಾಯಲ್ಲಿ "ಇದೂ ಅದೇ."

ಈ ತೀರ್ಪಿನ ಹಿಂದಿರುವ ವ್ಯಾಸಂಗ ಕಡಿಮೆಯದೇನಲ್ಲ. ಪಾತ್ರಕ್ಕೆ ಹೆಸರಿಟ್ಟ ಮೇಲೆ ಆಟಗಾರನಿಗೆ ಮಾಡಲು ಏನನ್ನೂ ಉಳಿಸದೆ, ಅಂದಿನ ಆನ್‌ಲೈನ್ ಸಾಹಸದ ಆಟಗಳನ್ನು ಅಣಕಿಸಿದ 2002ರ ಪ್ರೋಗ್ರೆಸ್ ಕ್ವೆಸ್ಟ್ ಈತನಿಗೆ ಗೊತ್ತು. ಆರು ಗಂಟೆಗೊಮ್ಮೆ ಹಸುವಿನ ಮೇಲೆ ಕ್ಲಿಕ್ ಮಾಡುವುದಷ್ಟೇ ಇದ್ದ ಕೌ ಕ್ಲಿಕರ್ ಎಂಬ ಆಟವನ್ನು ಇಯಾನ್ ಬೊಗೊಸ್ಟ್ 2010ರಲ್ಲಿ ಫೇಸ್‌ಬುಕ್ ಆಟಗಳ ಮೇಲಿನ ವ್ಯಂಗ್ಯವಾಗಿ ರಚಿಸಿದರೆ, ಜನ ಅದನ್ನು ಮನಸಾರೆ ಆಡಿ ವ್ಯಂಗ್ಯಕಾರನನ್ನೇ ಕಂಗೆಡಿಸಿದ್ದೂ ಗೊತ್ತು. ಜೂಲಿಯೆನ್ ತಿಯೆನೊ 2013ರಲ್ಲಿ ರೂಪಿಸಿದ ಕುಕೀ ಕ್ಲಿಕರ್‌ನಲ್ಲಿ ಬಿಸ್ಕತ್ತು ಬೇಯಿಸಲು ಅಜ್ಜಿಯರನ್ನು ಕೊಳ್ಳಬೇಕು. ಪ್ರತಿ ಖರೀದಿಗೂ ಬೆಲೆ ಶೇ. 15ರಷ್ಟು ಏರುವುದರಿಂದ, ಮೊದಲ ಅಜ್ಜಿ 100 ಬಿಸ್ಕತ್ತಿಗೆ ದಕ್ಕಿದರೆ ಹನ್ನೊಂದನೆಯ ಅಜ್ಜಿಗೆ 400ಕ್ಕೂ ಹೆಚ್ಚು ತೆರಬೇಕಾಗುತ್ತದೆ. ಈತನ ಆಕ್ಷೇಪಣೆ ಈ ಲೆಕ್ಕದ ಮೇಲಲ್ಲ. ಇದೇ ಲೆಕ್ಕವನ್ನು ಅಜ್ಜಿಯಿಂದ ಗಣಿಗೆ, ಗಣಿಯಿಂದ ಹೋಟೆಲಿಗೆ, ಹೋಟೆಲಿನಿಂದ ಜೈಲಿಗೆ ಸಾಗಿಸಿ, ಪ್ರತಿ ಸಲವೂ ಹೊಸ ಆಟವೆಂದು ಸಾರುವ ಧೈರ್ಯದ ಮೇಲೆ. ಇಷ್ಟರ ಮಟ್ಟಿಗೆ ಆತ ಹೇಳುವುದು ಸರಿಯೇ ಇದೆ.

ಹೊಸ ಆಟವನ್ನು ಇಳಿಸಿಕೊಂಡ ಕೂಡಲೆ ಪರದೆಯ ಮೇಲೆ ಬಿಳಿ ಕೈಯೊಂದು ಕುಣಿಯುತ್ತ ಎಲ್ಲಿ ಒತ್ತಬೇಕೆಂದು ತೋರಿಸುತ್ತದೆ. ಅದು ತೋರಿಸುವಷ್ಟರಲ್ಲಿ ಈತ ಒತ್ತಿ ಆಗಿರುತ್ತದೆ. ಸಂಪತ್ತು ಲಕ್ಷ, ಕೋಟಿಗಳನ್ನು ದಾಟಿ, ಸಂಖ್ಯೆಗಳ ಹೆಸರೇ ಮುಗಿದುಹೋಗಿ, ಎಎ, ಎಬಿ ಎಂಬ ಅಕ್ಷರಗಳಲ್ಲಿ ಬೆಳೆಯತೊಡಗಿದ ಮೇಲೆ ಗೋಡೆ, ಅಂದರೆ ಗಳಿಕೆ ತೆವಳುತ್ತಿರುವಾಗ ಮುಂದಿನ ಮಟ್ಟದ ಬೆಲೆ ಮಾತ್ರ ಜಿಗಿಯುವ ಘಟ್ಟ, ಎದುರಾಗುತ್ತದೆ. ಇದನ್ನು ದಾಟಲು 89 ರೂಪಾಯಿಯ ಸ್ಟಾರ್ಟರ್ ಪ್ಯಾಕ್ ಕೊಳ್ಳಬೇಕು, ಇಲ್ಲವೇ ಗಳಿಕೆ ದುಪ್ಪಟ್ಟಾಗಲು 30 ಸೆಕೆಂಡಿನ ಜಾಹೀರಾತು ನೋಡಬೇಕು. ದುಡ್ಡು ಕೊಡುವುದು ತನ್ನ ತತ್ತ್ವಕ್ಕೆ ವಿರುದ್ಧವಾದ್ದರಿಂದ, ಈತ ಫೋನನ್ನು ಬೋರಲು ಹಾಕಿ ಜಾಹೀರಾತನ್ನು ಮೇಜಿಗೆ ತೋರಿಸುತ್ತಾನೆ; ಅದು ಮುಗಿದಾಗ ಮೂಲೆಯ ಸಣ್ಣ ಗುಣಿಸು ಗುರುತನ್ನು ಒತ್ತಲು ಹೋಗಿ, ಬೆರಳು ಜಾರಿ ಪ್ಲೇಸ್ಟೋರ್‌ಗೆ ಬಿದ್ದು, ಜಾಹೀರಾತಿನಲ್ಲಿದ್ದದ್ದೂ ಐಡಲ್ ಆಟವೇ ಎಂದು ಕಂಡು, ಒಂದಿಷ್ಟು ಬೈದು, ಅದನ್ನೂ ಇಳಿಸಿಕೊಳ್ಳುತ್ತಾನೆ.

ಇನ್ನು ಪ್ರೆಸ್ಟೀಜ್ ಎಂಬ ವಿಧಿಯಿದೆ: ಗಳಿಸಿದ್ದನ್ನೆಲ್ಲ ತೊರೆದು ಮೊದಲಿನಿಂದ ಶುರುಮಾಡಿದವನಿಗೆ ಗಳಿಕೆಯಲ್ಲಿ ಕಾಯಂ ಬೋನಸ್ ಸಿಗುತ್ತದೆ. ನಿಂಬೆ ಪಾನಕದ ಅಂಗಡಿಯಿಂದ ಆರಂಭವಾಗುವ, 2014ರ ಅಡ್‌ವೆಂಚರ್ ಕ್ಯಾಪಿಟಲಿಸ್ಟ್‌ನಲ್ಲಿ ಹೀಗೆ ದೊರೆಯುವ ಒಬ್ಬೊಬ್ಬ ಏಂಜೆಲ್ ಹೂಡಿಕೆದಾರನಿಂದಲೂ ಲಾಭ ಶೇ. 2ರಷ್ಟು ಹೆಚ್ಚುತ್ತದೆ. ಮನೆಯಲ್ಲಿ ಕೆಟ್ಟುಹೋದ ಚಾರ್ಜರನ್ನೂ ಎಸೆಯಲು ಒಪ್ಪದ ಈತ, ಇಲ್ಲಿ ಸಮಸ್ತ ಸಾಮ್ರಾಜ್ಯವನ್ನು ಕಾಫಿ ಹೀರುತ್ತಲೇ ತ್ಯಜಿಸುತ್ತಾನೆ. (ಬಾಹುಬಲಿಗೆ ಈ ಶೇ. 2ರ ಅನುಕೂಲವಿರಲಿಲ್ಲ.)

ಅಷ್ಟು ಬೇಜಾರಾದರೆ ಬಿಟ್ಟುಬಿಡಬಹುದಲ್ಲ ಸಾರ್ ಎಂದು ಆಫೀಸಿನ ಕಿರಿಯನೊಬ್ಬ ಸೂಚಿಸಿದರೆ, "ಆಡ್ತಾ ಎಲ್ಲಿದ್ದೀನಪ್ಪ, ಸುಮ್ನೆ ಕಲೆಕ್ಟ್ ಮಾಡ್ತಿದ್ದೀನಿ" ಎಂಬ ಉತ್ತರ ಸಿದ್ಧವಿರುತ್ತದೆ. ಶಾಸ್ತ್ರೀಯವಾಗಿ ನೋಡಿದರೆ ಇದರಲ್ಲಿ ಸುಳ್ಳೇನೂ ಇಲ್ಲ. ಕ್ಲಿಕರ್ ಹೀರೋಸ್ ಆಟದ ತಯಾರಕರು ಅದರ ಎರಡನೆಯ ಭಾಗವನ್ನು ಬಿಟ್ಟಿಯಾಗಿ ಹಂಚಿ ಒಳಗೆ ವಸೂಲಿ ಮಾಡುವ ಬದಲು, ನೇರವಾಗಿ ಬೆಲೆ ಕಟ್ಟಿ ಮಾರುವುದಾಗಿ 2017ರಲ್ಲಿ ಪ್ರಕಟಿಸಿದ್ದನ್ನು ಈತ ಆದರ್ಶವೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ. ಅದನ್ನು ಕೊಂಡಿದ್ದಾನೆಯೇ ಎಂದು ಮಾತ್ರ ಯಾರೂ ಕೇಳಬಾರದು.

ಕೊನೆಯಲ್ಲಿ ಬರುವುದು ಒಂದು ಸ್ಟಾರ್‌ನ ವಿಮರ್ಶೆ. ಇದಕ್ಕೆ ಕಂಪನಿಯಿಂದ "ಪ್ರಿಯ ಆಟಗಾರರೇ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂಬ ಉತ್ತರ ಬಂದಾಗ, ಅದೇ ಒಕ್ಕಣೆಯನ್ನು ಮೇಲಿನ ಹತ್ತು ಜನರಿಗೂ ಕಳುಹಿಸಿರುವುದನ್ನು ಪತ್ತೆಹಚ್ಚಿ, ಉತ್ತರವೂ ಕಾಪಿಯೇ ಎಂದು ಈತ ಕೆರಳುತ್ತಾನೆ; ಆ ಕೋಪದಲ್ಲೇ, ಮುಂದಿನ ಆಟಕ್ಕೆ ಹಾಕಬೇಕಾದ ವಿಮರ್ಶೆಯನ್ನು ಫೋನಿನ ನೋಟ್ಸ್‌ನಿಂದ ಹೊರತೆಗೆಯುತ್ತಾನೆ. ಅದರಲ್ಲಿ ಆಟದ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿರುತ್ತದೆ.