ಗುಟ್ಟು ಬದಲಿಸುವ ಗುಮ್ಮನಗುಸಕ
ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಲಿನಕ್ಸ್ ಪಂಡಿತರಿಗೆ ಒಬ್ಬೊಬ್ಬರದೇ ಪಾಸ್‌ವರ್ಡ್ ಬದಲಿಸುವ ತಾಳ್ಮೆ ಎಲ್ಲಿಂದ ಬರಬೇಕು? ಅದನ್ನು ಬದಲಿಸುವ ‘ಪಾಸ್‌ಡಬ್ಲ್ಯೂಡಿ’ ಎಂಬ ಕಮಾಂಡ್ ಮಹಾ ಗುಮ್ಮನಗುಸಕ: ಎಷ್ಟು ಕುಟ್ಟಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದು. ಕೀಬೋರ್ಡೇ ಕೆಟ್ಟಿತೆಂದು ಹೊಸಬರು ವೈರು ಕಿತ್ತು ಸಿಕ್ಕಿಸುವುದೂ ಉಂಟು.

ಅದರ ದಾಯಾದಿ ‘ಸಿಎಚ್‌ಪಾಸ್‌ಡಬ್ಲ್ಯೂಡಿ’ ಹಾಗಲ್ಲ. ಹೆಸರು, ಕೋಲನ್, ಪಾಸ್‌ವರ್ಡ್ ಎಂದು ಸಾಲುಸಾಲಾಗಿ ಬರೆದ ಫೈಲ್ ಉಣಿಸಿದರೆ ಸಾಕು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇಡೀ ತರಗತಿಯ ಗುಟ್ಟು ಬದಲು. ತಮಾಷೆಯೆಂದರೆ, ಆ ಫೈಲಿನಲ್ಲಿ ಗುಟ್ಟೆಲ್ಲ ಬಟ್ಟಂಬಯಲು! ಅಳಿಸಲು ಮರೆತರೆ ಕಥೆ ಮುಗಿಯಿತು.

ಅದಕ್ಕೇ ಜಾಣರು ‘ಸಿಎಚ್‌ಏಜ್ -ಡಿ 0’ ಎಂದು ಹೊಡೆದು, ಮುಂದಿನ ಲಾಗಿನ್‌ನಲ್ಲೇ ಹೊಸದನ್ನು ಹಾಕಿಕೊಳ್ಳುವ ಕರ್ಮವನ್ನು ಬಳಕೆದಾರರ ಕೊರಳಿಗೇ ಕಟ್ಟುತ್ತಾರೆ. ಮರುದಿನ ಮಾನಿಟರಿನ ಅಂಚಿಗೆಲ್ಲ ಹೊಸ ಪಾಸ್‌ವರ್ಡ್ ಬರೆದ ಹಳದಿ ಚೀಟಿ. ಕಾರಣವಿಲ್ಲದೆ ಆಗಾಗ ಬದಲಿಸುವಂತೆ ಜನರನ್ನು ಪೀಡಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಸೂಚಿಸಿತ್ತು. ಆಗಾಗ ಬದಲಿಸಿ ಎನ್ನುವ ಲ್ಯಾಬಿನ ಸುತ್ತೋಲೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.